ಕಾಯುವ ಬೆಳೆ, ಕಾಯದ ಬೆಳೆ: ಆಫೀಸ್ ಕೆಲಸದ ಜೊತೆ ಅಲಾಟ್‌ಮೆಂಟ್ ನಡೆಸುವ ಬಗೆ

ಇಂಗ್ಲೆಂಡಿನಲ್ಲಿ ರೈಲು ಹತ್ತಿದರೆ ಊರು ಮುಗಿಯುವ ಕಡೆ ಹಳಿಯ ಪಕ್ಕದಲ್ಲೇ ಸಾಲಾಗಿ ಸಣ್ಣ ಸಣ್ಣ ತೋಟಗಳು ಕಾಣುತ್ತವೆ. ಒಂದೊಂದರಲ್ಲೂ ಒಂದು ಮರದ ಶೆಡ್, ಕೋಲಿಗೆ ಹಬ್ಬಿದ ಬೀನ್ಸ್ ಬಳ್ಳಿ, ಮಳೆನೀರಿನ ಡ್ರಮ್ಮು. ಇಲ್ಲಿಗೆ ಬಂದ ನಮ್ಮವರಲ್ಲಿ ಬಹಳ ಜನ ಅದನ್ನು ನೋಡಿ "ನಮಗೂ ಒಂದು ಸಿಗುತ್ತಾ?" ಅಂತ ಕೇಳುತ್ತಾರೆ. ಸಿಗುತ್ತದೆ. ಅದೇ ಅಲಾಟ್‌ಮೆಂಟ್. ಹೆಚ್ಚಿನವು ಕೌನ್ಸಿಲಿನ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ ಜಾಗ. ವರ್ಷಕ್ಕೆ ಇಷ್ಟು ಅಂತ ಬಾಡಿಗೆ ಕಟ್ಟಿ ತರಕಾರಿ, ಹಣ್ಣು ಬೆಳೆದುಕೊಳ್ಳಬಹುದು. ಬೆಳೆದಿದ್ದು ಮನೆ ಬಳಕೆಗೆ, ವ್ಯಾಪಾರಕ್ಕಲ್ಲ. ಕೌನ್ಸಿಲಿನ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕು, ಕೆಲವು ಕಡೆ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ.

ನಾನು ಇಂಗ್ಲೆಂಡಿನ ನಡುಭಾಗದ, ಅಂದರೆ ಮಿಡ್‌ಲ್ಯಾಂಡ್ಸ್‌ನ ಕೊವೆಂಟ್ರಿಯಲ್ಲಿ ಏಳು ವರ್ಷದಿಂದ ಒಂದು ಪ್ಲಾಟ್ ಇಟ್ಟುಕೊಂಡಿದ್ದೇನೆ, ವಾರಕ್ಕೆ ಐದು ದಿನ ಆಫೀಸ್ ಕೆಲಸವೂ ಇದೆ. ಈ ಏಳು ವರ್ಷದಲ್ಲಿ ಒಂದೇ ಕಥೆಯನ್ನು ಮತ್ತೆ ಮತ್ತೆ ನೋಡಿದ್ದೇನೆ. ಏಪ್ರಿಲ್‌ನಲ್ಲಿ ಹೊಸಬರು ಬರುತ್ತಾರೆ. ಎರಡು ವಾರಾಂತ್ಯ ಬೆನ್ನು ಮುರಿಯುವ ಹಾಗೆ ಅಗೆಯುತ್ತಾರೆ, ಸಿಕ್ಕ ಬೀಜವನ್ನೆಲ್ಲ ಬಿತ್ತುತ್ತಾರೆ. ಜೂನ್‌ನಲ್ಲಿ ಆಫೀಸಿನಲ್ಲಿ ಕೆಲಸ ಜಾಸ್ತಿಯಾಗುತ್ತದೆ, ಎರಡು ಭಾನುವಾರ ಮಳೆ ಬರುತ್ತದೆ, ಮೂರನೇ ಭಾನುವಾರ ಬಂದು ನೋಡಿದರೆ ಸೊಂಟದೆತ್ತರ ಕಳೆ. ಆಗಸ್ಟ್‌ನಲ್ಲಿ ಕೌನ್ಸಿಲಿನಿಂದ "ನಿಮ್ಮ ಪ್ಲಾಟ್ ಪಾಳು ಬಿದ್ದಿದೆ" ಅಂತ ಪತ್ರ. ಅಕ್ಟೋಬರ್‌ನಲ್ಲಿ ಕೀಲಿ ವಾಪಸ್. ಇವರು ಸೋಮಾರಿಗಳಲ್ಲ, ನಮ್ಮ ನಿಮ್ಮ ಹಾಗೆ ದುಡಿಯುವವರೇ. ಇಡೀ ದಿನ ತೋಟದಲ್ಲೇ ಇರುವ, ನಿವೃತ್ತರಾದ ಪಕ್ಕದ ಪ್ಲಾಟಿನವರನ್ನು ನೋಡಿ ಅವರ ಹಾಗೇ ಬೆಳೆಯಲು ಹೋಗುತ್ತಾರೆ, ಅಲ್ಲೇ ಎಡವುತ್ತಾರೆ. ಕೆಲಸಕ್ಕೆ ಹೋಗುವವರು ತೋಟವನ್ನು ಬೇರೆ ಲೆಕ್ಕದಲ್ಲಿ ಕಟ್ಟಬೇಕು. ನಾವು ಬರುವವರೆಗೆ ಯಾವ ಬೆಳೆ ಎಷ್ಟು ದಿನ ಕಾಯುತ್ತದೆ, ಅದೇ ಆ ಲೆಕ್ಕ.

ಮೊದಲ ಹೆಜ್ಜೆ: ಅರ್ಧ ಪ್ಲಾಟ್ ಕೇಳಿ

ಇಲ್ಲಿನ ಹಳೇ ಅಳತೆಯಲ್ಲಿ ಪೂರ್ತಿ ಪ್ಲಾಟ್ ಅಂದರೆ 10 ರಾಡ್, ಸುಮಾರು 250 ಚದರ ಮೀಟರ್. ನಮ್ಮ ಗುಂಟೆಯೂ ಇವರ ರಾಡೂ ಎಕರೆಯನ್ನೇ ಒಡೆದು ಮಾಡಿದ ಅಳತೆಗಳು. ಎಕರೆಗೆ 40 ಗುಂಟೆ, ಎಕರೆಗೆ 160 ಚದರ ರಾಡ್. ಹಾಗಾಗಿ 10 ರಾಡ್ ಅಂದರೆ ಸರಿಯಾಗಿ ಎರಡೂವರೆ ಗುಂಟೆ. ಬೆಂಗಳೂರಿನ 40×60 ಸೈಟಿಗಿಂತ ಸ್ವಲ್ಪ ದೊಡ್ಡದು. ಅಷ್ಟು ಜಾಗವನ್ನು ಕೈಯಲ್ಲಿ ಅಗೆದು, ಕಳೆ ಕಿತ್ತು, ನೀರು ಹಾಕಬೇಕು ಅಂತ ಊಹಿಸಿಕೊಳ್ಳಿ. ಅರ್ಧ ಪ್ಲಾಟ್ ಆದರೆ 30×40 ಸೈಟಿನಷ್ಟು ಆಗುತ್ತದೆ. ನಾಲ್ಕು ಜನರ ಮನೆಗೆ ಅದು ಸಾಕು, ನಿಜವಾಗಿ ಸಾಕು. ಕಾಲು ಪ್ಲಾಟ್ ಕೊಡುವ ಕಡೆಗಳೂ ಇವೆ, ಮೊದಲ ವರ್ಷಕ್ಕೆ ಅದೂ ಒಳ್ಳೆಯದೇ.

ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಷ್ಟು ದೂರ ಅನ್ನುವುದು ಮುಖ್ಯ. ಮನೆಯಿಂದ ಆಫೀಸಿಗೆ ಹೋಗುವ ದಾರಿಯಲ್ಲಿ ಸಿಗುವ ಪ್ಲಾಟ್ ಇದ್ದರೆ ಮಣ್ಣು ಸ್ವಲ್ಪ ಕೆಟ್ಟದಾಗಿದ್ದರೂ ಅದನ್ನೇ ತಗೊಳ್ಳಿ. ಮಣ್ಣನ್ನು ಮೂರು ವರ್ಷದಲ್ಲಿ ಸರಿ ಮಾಡಬಹುದು, ಇಪ್ಪತ್ತು ನಿಮಿಷದ ಡ್ರೈವ್ ಮಾತ್ರ ಎಷ್ಟು ವರ್ಷ ಆದರೂ ಇಪ್ಪತ್ತು ನಿಮಿಷವೇ. ನೋಡಲು ಹೋದಾಗ ನಲ್ಲಿ ಅಥವಾ ನೀರಿನ ತೊಟ್ಟಿ ಎಷ್ಟು ದೂರ ಇದೆ ಅಂತ ಹೆಜ್ಜೆ ಹಾಕಿ ಎಣಿಸಿ. ಎರಡೂ ಕೈಯಲ್ಲಿ ಹತ್ತು ಹತ್ತು ಲೀಟರ್ ನೀರು ಹೊತ್ತು ಆ ಹೆಜ್ಜೆ ಹಾಕುವವರು ನೀವೇ ತಾನೆ?

ಊರಿನಲ್ಲಿ ಅಲಾಟ್‌ಮೆಂಟೇ ಇಲ್ಲ ಅಂದರೂ ದಾರಿ ಇದೆ. 1908ರ ಕಾಯ್ದೆ ಪ್ರಕಾರ, ಲಂಡನ್ನಿನ ಒಳಭಾಗ ಬಿಟ್ಟರೆ ಇಂಗ್ಲೆಂಡಿನ ಉಳಿದ ಕಡೆ, ಆರು ಜನ ಮತದಾರರು ಅಥವಾ ಕೌನ್ಸಿಲ್ ಟ್ಯಾಕ್ಸ್ ಕಟ್ಟುವವರು ಸೇರಿ ಬರೆದು ಕೊಟ್ಟರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು.

ಎರಡನೇ ಹೆಜ್ಜೆ: ಅಗೆಯಬೇಡಿ, ಮುಚ್ಚಿ

ಹೊಸ ಪ್ಲಾಟ್ ಸಾಮಾನ್ಯವಾಗಿ ಪಾಳು ಬಿದ್ದೇ ಕೈಗೆ ಬರುತ್ತದೆ. ಮುಳ್ಳಿನ ಬ್ರ್ಯಾಂಬಲ್, ಕೌಚ್ ಹುಲ್ಲು, ಬೈಂಡ್‌ವೀಡ್ ಅನ್ನುವ ಬಿಳಿ ಬೇರಿನ ಬಳ್ಳಿ. ಇವುಗಳ ಮೇಲೆ ಬಾಡಿಗೆ ರೋಟವೇಟರ್ ಓಡಿಸಿದರೆ ಒಂದು ಮಧ್ಯಾಹ್ನದಲ್ಲಿ ನೆಲ ಚೊಕ್ಕಟವಾಗಿ ಕಾಣುತ್ತದೆ. ಆದರೆ ಕೌಚ್ ಹುಲ್ಲಿನ ಬೇರು, ಬೈಂಡ್‌ವೀಡಿನ ಬೇರು ಎಷ್ಟು ತುಂಡಾಗುತ್ತದೋ ಅಷ್ಟು ಹೊಸ ಗಿಡ. ನಮ್ಮ ಕಡೆ ಗರಿಕೆ ಮೇಲೆ ನೇಗಿಲು ಹೊಡೆದು ಬಿಟ್ಟ ಹಾಗೆ.

ಅದರ ಬದಲು ಹೀಗೆ ಮಾಡಿ. ಎತ್ತರದ ಕಳೆಯನ್ನು ನೆಲಮಟ್ಟಕ್ಕೆ ಕತ್ತರಿಸಿ. ಪ್ಲಾಟಿನ ಮೂರರಲ್ಲಿ ಎರಡು ಭಾಗವನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಅಂಚಿಗೆ ಇಟ್ಟಿಗೆ, ಮರದ ತುಂಡು ಏನಾದರೂ ಭಾರ ಇಡಿ. ಒಂದು ಪೂರ್ತಿ ಬೇಸಿಗೆ ಅದು ಹಾಗೇ ಇರಲಿ, ಬೆಳಕಿಲ್ಲದೆ ಹೆಚ್ಚಿನ ಕಳೆ ಸಾಯುತ್ತದೆ. ಬೈಂಡ್‌ವೀಡ್ ಅಷ್ಟಕ್ಕೆ ಸಾಯದು, ಸುಸ್ತಾಗುತ್ತದೆ, ಅದು ಮತ್ತೆ ಚಿಗುರಿದಾಗಲೆಲ್ಲ ಕೀಳುತ್ತಿರಬೇಕು. ಹಳೇ ಕಾರ್ಪೆಟ್ ಮಾತ್ರ ಹಾಸಬೇಡಿ, ಅದರ ಬಣ್ಣ, ನೂಲು ಎಲ್ಲ ಮಣ್ಣಿಗೆ ಇಳಿಯುತ್ತದೆ, ಬಹಳ ಅಲಾಟ್‌ಮೆಂಟ್‌ಗಳಲ್ಲಿ ಅದಕ್ಕೆ ಅನುಮತಿಯೂ ಇಲ್ಲ.

ಉಳಿದ ಒಂದು ಭಾಗದಲ್ಲಿ ಮಡಿ ಮಾಡಿ. ಅಗಲ 1.2 ಮೀಟರ್, ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿಗೆ ಸಿಗಬೇಕು. ಕತ್ತರಿಸಿದ ಹುಲ್ಲಿನ ಮೇಲೆ ದಪ್ಪ ರಟ್ಟು ಹಾಸಿ, ಅದರ ಟೇಪು, ಸ್ಟೇಪಲ್ ಮೊದಲೇ ಕಿತ್ತು ಹಾಕಿ, ಚೆನ್ನಾಗಿ ನೆನೆಸಿ, ಮೇಲೆ 10ರಿಂದ 15 ಸೆಂಟಿಮೀಟರ್ ಕಾಂಪೋಸ್ಟ್ ಸುರಿಯಿರಿ. ಅದರಲ್ಲೇ ಸಸಿ ನೆಡಬಹುದು. ಮೊದಲ ವರ್ಷ ಇಂಥ ಮೂರು ಮಡಿ ಸಾಕು. ಬೇಕು ಅನ್ನಿಸಿದರೂ ನಾಲ್ಕನೆಯದು ಬೇಡ.

ಕೌನ್ಸಿಲಿನವರು ಮುಚ್ಚಿದ ಜಾಗವನ್ನು ಸಾಗುವಳಿ ಅಂತ ಒಪ್ಪುತ್ತಾರಾ ಅಂತ ಮೊದಲೇ ಸೈಟ್ ಕಾರ್ಯದರ್ಶಿಯನ್ನು, ಅಂದರೆ ಆ ಅಲಾಟ್‌ಮೆಂಟಿನ ಉಸ್ತುವಾರಿ ನೋಡುವವರನ್ನು ಕೇಳಿ. ಮೊದಲ ವರ್ಷ ಸಾಮಾನ್ಯವಾಗಿ ಒಪ್ಪುತ್ತಾರೆ. ಯಾವ ಭಾಗ ಯಾವಾಗ ತೆಗೆಯುತ್ತೇನೆ ಅಂತ ನಾಲ್ಕು ಸಾಲಿನ ಇಮೇಲ್ ಬರೆದಿಟ್ಟರೆ ಮುಂದೆ ಮಾತಿಗೆ ಆಧಾರ ಇರುತ್ತದೆ.

ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ, ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಎರಡನೇ ವರ್ಷ ಹತ್ತಿರದ ಒಂದು ಕುದುರೆ ಲಾಯದಿಂದ ಒಂದು ಟ್ರೇಲರ್ ಗೊಬ್ಬರ ತಂದು ಹಾಕಿದೆ. ಆ ಬೇಸಿಗೆ ಟೊಮೆಟೊ ಎಲೆಗಳೆಲ್ಲ ಜರಿಗಿಡದ ಎಲೆಯ ಹಾಗೆ ಸುರುಳಿ ಸುತ್ತಿಕೊಂಡವು, ಬೀನ್ಸ್ ಮೇಲೇಳಲೇ ಇಲ್ಲ. ಹುಲ್ಲುಗಾವಲಿನ ಅಗಲ ಎಲೆ ಕಳೆಗೆ ಹೊಡೆಯುವ ಅಮಿನೋಪೈರಾಲಿಡ್ ಅನ್ನುವ ಕಳೆನಾಶಕ ಒಣಹುಲ್ಲಿನಲ್ಲಿ ಉಳಿದು, ಕುದುರೆಯ ಹೊಟ್ಟೆ ದಾಟಿಯೂ ಗೊಬ್ಬರದಲ್ಲಿ ಹಾಗೇ ಇರುತ್ತದೆ. ಕೊಟ್ಟವರಿಗೂ ಅದು ಗೊತ್ತಿರಲಿಲ್ಲ. ಈಗ ಯಾವ ಗೊಬ್ಬರ ಬಂದರೂ ಮೊದಲು ಎರಡು ಕುಂಡದಲ್ಲಿ ತುಂಬಿ ಬೀನ್ಸ್ ಬೀಜ ಹಾಕುತ್ತೇನೆ. ಮೂರು ನಾಲ್ಕು ವಾರ ನೋಡಬೇಕು. ಎಲೆ ನೇರವಾಗಿ ಅಗಲವಾಗಿ ಬಂದರೆ ಸರಿ, ಮುದುಡಿದರೆ ಆ ಗೊಬ್ಬರ ಬೇಡ.

ಮೂರನೇ ಹೆಜ್ಜೆ: ಎಷ್ಟು ದಿನ ಕಾಯುತ್ತದೆ ಅಂತ ನೋಡಿ ಬೆಳೆ ಆರಿಸಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ತಿಂಗಳುಗಟ್ಟಲೆ ಕಾಯುವ ಬೆಳೆಗಳು ನಮ್ಮ ಆಸ್ತಿ. ಬೆಳ್ಳುಳ್ಳಿ ಮೊದಲನೆಯದು. ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಎಸಳು ಬಿಡಿಸಿ 15 ಸೆಂಟಿಮೀಟರ್ ಅಂತರದಲ್ಲಿ, ತುದಿ ಮೇಲೆ ಬರುವ ಹಾಗೆ ಊರಿ, ಮೇಲೆ ಎರಡು ಮೂರು ಸೆಂಟಿಮೀಟರ್ ಮಣ್ಣು ಎಳೆದು ಬಿಟ್ಟರೆ ಮುಗಿಯಿತು. ಚಳಿ ಅದಕ್ಕೆ ಬೇಕೇ ಬೇಕು. ಚಳಿ ತಾಕದಿದ್ದರೆ ಗಡ್ಡೆ ಎಸಳಾಗಿ ಒಡೆಯುವುದಿಲ್ಲ, ಒಂದೇ ಉಂಡೆಯಾಗಿ ಉಳಿದುಬಿಡುತ್ತದೆ. ಜುಲೈನಲ್ಲಿ ಕೆಳಗಿನ ಎಲೆ ಹಳದಿಯಾದಾಗ ಕಿತ್ತರೆ ಆಯಿತು. ಒಂಬತ್ತು ತಿಂಗಳಲ್ಲಿ ಒಟ್ಟು ಕೆಲಸ ನಾಲ್ಕೈದು ಗಂಟೆ, ಅದರಲ್ಲಿ ಹೆಚ್ಚಿನದು ಕಳೆ.

ಶಾಲಟ್ ಅನ್ನುವುದು ನಮ್ಮ ಸಾಂಬಾರ್ ಈರುಳ್ಳಿಯ ಬಳಗವೇ. ಮಾರ್ಚ್‌ನಲ್ಲಿ ಒಂದು ಗಡ್ಡೆ ಊರಿದರೆ ಜುಲೈ ಹೊತ್ತಿಗೆ ಆರೇಳು ಗಡ್ಡೆಯ ಗೊಂಚಲು. ಒಣಗಿಸಿ ಹೆಣೆದು ತೂಗುಹಾಕಿದರೆ ಚಳಿಗಾಲ ಕಳೆಯುವವರೆಗೂ ಬರುತ್ತದೆ. ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಸಾಂಬಾರ್ ಈರುಳ್ಳಿಯ ಬೆಲೆ ನೋಡಿದವರಿಗೆ ನಾನು ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ.

ಆಲೂಗಡ್ಡೆಯಲ್ಲಿ ಬೇಗ ಬರುವ ತಳಿ ಮಾತ್ರ ಹಾಕಿ. ಫೆಬ್ರವರಿಯಲ್ಲಿ ಮೊಟ್ಟೆ ಟ್ರೇಯಲ್ಲಿ ಕಿಟಕಿ ಪಕ್ಕ ಮೊಳಕೆ ಬರಿಸಿ, ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ ನೆಟ್ಟು, ಸೊಪ್ಪು ಬಂದಂತೆ ಬುಡಕ್ಕೆ ಮಣ್ಣು ಏರಿಸುತ್ತಾ ಹೋದರೆ ಜೂನ್ ಕೊನೆಗೆ ಕೀಳಬಹುದು. ಯಾಕೆ ಬೇಗದ ತಳಿ ಅಂದರೆ, ಜುಲೈ ಆಗಸ್ಟ್‌ನ ಬೆಚ್ಚನೆಯ ಮಳೆಯಲ್ಲಿ ಇಲ್ಲಿ ಅಂಗಮಾರಿ ಬರುತ್ತದೆ, 1845ರಲ್ಲಿ ಐರ್ಲೆಂಡಿನಲ್ಲಿ ಬರಗಾಲ ತಂದಿದ್ದು ಇದೇ ರೋಗ. ವಾರದಲ್ಲಿ ಇಡೀ ಸಾಲು ಕಪ್ಪಾಗುತ್ತದೆ. ದಿನಾ ನೋಡುವವರು ಎಲೆಯಲ್ಲಿ ಚುಕ್ಕೆ ಕಂಡ ದಿನವೇ ಸೊಪ್ಪು ಕೊಯ್ದು ಹಾಕಿ ಗಡ್ಡೆ ಉಳಿಸಿಕೊಳ್ಳುತ್ತಾರೆ, ನಾವು ವಾರಕ್ಕೆ ಎರಡು ಮೂರು ಸಲ ಹೋಗುವವರು. ಅದಕ್ಕೇ ರೋಗ ಬರುವ ಮೊದಲೇ ಆಲೂಗಡ್ಡೆ ಮನೆ ಸೇರಿರಬೇಕು. ತಡವಾದ ತಳಿ ಬೇಕೇ ಬೇಕು ಅಂದರೆ ಸಾರ್ಪೊ ಮೀರಾ ಅಂತ ಒಂದಿದೆ, ಅಂಗಮಾರಿಯನ್ನು ಚೆನ್ನಾಗಿ ತಡೆಯುತ್ತದೆ.

ಲೀಕ್ (ಈರುಳ್ಳಿ ಬಳಗದ ದಪ್ಪ ದಂಟು), ಕೇಲ್ (ಕೋಸಿನ ಬಳಗದ ಸೊಪ್ಪು), ಚಳಿಗಾಲದ ಕುಂಬಳ, ರೂಬಾರ್ಬ್, ಇವೂ ಕಾಯುವವೇ. ರೂಬಾರ್ಬ್ ಒಂದು ಸಲ ನೆಟ್ಟರೆ ಹತ್ತು ವರ್ಷ. ಹುಳಿ ಚೆನ್ನಾಗಿರುವುದರಿಂದ ನಮ್ಮನೆಯಲ್ಲಿ ಹುಣಸೆ ಬದಲು ಅದರದೇ ಗೊಜ್ಜು. ದಂಟು ಮಾತ್ರ ತಿನ್ನಿ, ಎಲೆ ವಿಷ.

ವಾರದ ಮಟ್ಟಿಗೆ ಕಾಯುವವು ಎರಡನೇ ಗುಂಪು. ಬ್ರಾಡ್ ಬೀನ್ಸ್ ಇದರಲ್ಲಿ ನನಗೆ ತುಂಬಾ ಪ್ರೀತಿಯದು. ಅಕ್ವಾಡುಲ್ಚೆ ಕ್ಲಾಡಿಯಾ ಅನ್ನುವ ತಳಿಯನ್ನು ನವೆಂಬರ್‌ನಲ್ಲೇ ಬಿತ್ತಬಹುದು, ಬೆರಳುದ್ದ ಬೆಳೆದು ಹಿಮದಲ್ಲೇ ನಿಂತಿರುತ್ತದೆ, ಜೂನ್ ಶುರುವಿನಲ್ಲಿ ಕಾಯಿ. ಕಾಳನ್ನು ಎರಡು ನಿಮಿಷ ಕುದಿಸಿ ತಣ್ಣೀರಿಗೆ ಹಾಕಿ ಹೆಬ್ಬೆರಳಲ್ಲಿ ಒತ್ತಿದರೆ ಹಸಿರು ಬೇಳೆ ಜಾರಿ ಬರುತ್ತದೆ. ಹಿತುಕಿದ ಬೇಳೆ ಅಲ್ವಾ ಅದು! ರುಚಿ ಅವರೆಯದಲ್ಲ, ಸೊಗಡಂತೂ ಇಲ್ಲ, ಆದರೂ ಕಾಯಿ, ಮೆಣಸು, ಸಬ್ಬಸಿಗೆ ಹಾಕಿ ಸಾರು ಮಾಡಿದ ದಿನ ಮನೆ ತುಂಬಾ ಡಿಸೆಂಬರ್ ತಿಂಗಳ ವಾಸನೆ. ಕಾಯಿ ಕಟ್ಟಲು ಶುರುವಾದಾಗ ಗಿಡದ ತುದಿ ಚಿವುಟಿದರೆ ಕಪ್ಪು ಹೇನು ಕಡಿಮೆ, ಆ ತುದಿ ಪಲ್ಯಕ್ಕೂ ಆಗುತ್ತದೆ.

ನವಿಲುಕೋಸು ಏಪ್ರಿಲ್‌ನಿಂದ ಜುಲೈವರೆಗೆ ಯಾವಾಗ ಬಿತ್ತಿದರೂ ಎರಡು ಎರಡೂವರೆ ತಿಂಗಳಲ್ಲಿ ಸಿದ್ಧ. ಟೆನಿಸ್ ಚೆಂಡಿನಷ್ಟಾದಾಗ ಕಿತ್ತುಬಿಡಿ, ಆಮೇಲೆ ಬೆಂಡಾಗುತ್ತದೆ. ಪಾರಿವಾಳಕ್ಕೆ ಇದರ ಎಲೆ ಬಹಳ ಇಷ್ಟ, ಬಲೆ ಹಾಕಲೇಬೇಕು. ಮೆಂತ್ಯವಂತೂ ಅಡುಗೆಮನೆ ಡಬ್ಬಿಯ ಕಾಳೇ ಸಾಕು, ರಾತ್ರಿ ನೆನೆಸಿ ಏಪ್ರಿಲ್ ಕೊನೆಯಿಂದ ಚೆಲ್ಲುತ್ತಾ ಬನ್ನಿ, ಐದು ವಾರಕ್ಕೆ ಸೊಪ್ಪು.

ಇನ್ನು ಕಾಯದೇ ಇರುವವು. ಕೋರ್ಜೆಟ್, ನಮ್ಮ ಕಡೆ ಜುಕಿನಿ ಅನ್ನುತ್ತೇವಲ್ಲ, ಮಂಗಳವಾರ ಬೆರಳಿನಷ್ಟಿದ್ದದ್ದು ಶನಿವಾರಕ್ಕೆ ಮೊಣಕೈಯುದ್ದ. ಒಂದು ಮನೆಗೆ ಒಂದೇ ಗಿಡ. ರನ್ನರ್ ಬೀನ್ಸ್ ಐದು ದಿನ ಬಿಟ್ಟರೆ ನಾರು. ಅಷ್ಟೇ ಅಲ್ಲ, ಒಳಗೆ ಕಾಳು ಬಲಿಯಲು ಬಿಟ್ಟರೆ ಬಳ್ಳಿ ತನ್ನ ಕೆಲಸ ಮುಗಿಯಿತು ಅಂತ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಅದರ ಬದಲು ನಾನು ಬೊರ್ಲೊಟ್ಟಿ ಅನ್ನುವ ಬಳ್ಳಿ ಬೀನ್ಸ್ ಹಾಕುತ್ತೇನೆ, ಕೊಯ್ಯುವುದೇ ಇಲ್ಲ, ಸೆಪ್ಟೆಂಬರ್ ಕೊನೆವರೆಗೆ ಬಳ್ಳಿಯಲ್ಲೇ ಒಣಗಲಿ, ಒಂದೇ ದಿನ ಎಲ್ಲ ಬಿಡಿಸಿ ಡಬ್ಬಿಗೆ. ಹುಳಿಗೆ ಅಲಸಂದೆ ಕಾಳಿನ ಹಾಗೇ ಒದಗುತ್ತದೆ. ಸ್ಟ್ರಾಬೆರಿ, ರಾಸ್‌ಬೆರಿ, ಬಟಾಣಿ ಕೂಡ ಕಾಯುವುದಿಲ್ಲ. ಮಕ್ಕಳಿದ್ದರೆ ಸ್ವಲ್ಪ ಹಾಕಿ, ಅವರೇ ನಿಮ್ಮನ್ನು ತೋಟಕ್ಕೆ ಎಳೆದುಕೊಂಡು ಹೋಗುತ್ತಾರೆ. ಹಸಿರುಮನೆಯಲ್ಲಿ ಟೊಮೆಟೊ, ಹಸಿಮೆಣಸಿನಕಾಯಿ, ಬದನೆ ಬೆಳೆಯಬಹುದು, ಆದರೆ ಬಿಸಿಲಿದ್ದರೆ ಅವಕ್ಕೆ ದಿನಾ ನೀರು ಬೇಕು. ಅವು ಮನೆಯ ಕಿಟಕಿಯಲ್ಲೋ ಹಿತ್ತಲಲ್ಲೋ ಕುಂಡದಲ್ಲಿರಲಿ, ಅಲಾಟ್‌ಮೆಂಟಿನಲ್ಲಿ ಬೇಡ.

ಊರಿನ ಬೆಳೆ ಬೆಳೆಯಬೇಕು ಅನ್ನುವ ಆಸೆ ನನಗೂ ಇದೆ, ಹಾಗಾಗಿ ಇದನ್ನೂ ಹೇಳುತ್ತೇನೆ. ಅವರೆ ಹಗಲು ಚಿಕ್ಕದಾದ ಮೇಲೇ ಹೂ ಬಿಡುವ ಬಳ್ಳಿ. ಇಲ್ಲಿ ಜೂನ್‌ನಲ್ಲಿ ಹಗಲು ಹದಿನಾರು ಗಂಟೆಗೂ ಜಾಸ್ತಿ. ಬಳ್ಳಿ ಸೊಗಸಾಗಿ ಹಬ್ಬಿ, ಸೆಪ್ಟೆಂಬರ್‌ನಲ್ಲಿ ಹೂ ಬಿಡುವ ಹೊತ್ತಿಗೆ ಚಳಿ ಹಿಂದೆಯೇ ಬರುತ್ತದೆ. ಕೊತ್ತಂಬರಿಯದು ಇದಕ್ಕೆ ತಿರುಗ, ಉದ್ದ ಹಗಲು ಕಂಡರೆ ಎಲೆ ಬಿಡುವ ಮೊದಲೇ ಹೂ ಬಿಡುತ್ತದೆ. ಅದನ್ನು ಆಗಸ್ಟ್‌ನಲ್ಲಿ ಬಿತ್ತಿ, ನವೆಂಬರ್‌ವರೆಗೂ ಸೊಪ್ಪು ಕೊಯ್ಯಬಹುದು. ಹರಿವೆ ಬಿಸಿಲಿನ ವರ್ಷ ಚೆನ್ನಾಗಿ ಬರುತ್ತದೆ, ಮೋಡದ ವರ್ಷ ಗೇಣುದ್ದಕ್ಕೆ ನಿಲ್ಲುತ್ತದೆ. ಬಿತ್ತನೆ ಬೀಜವನ್ನು ಊರಿಂದ ಸೂಟ್‌ಕೇಸಿನಲ್ಲಿ ತರಬೇಡಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಭಾರತದಿಂದ ಇಲ್ಲಿಗೆ ತರುವ ಹಾಗಿಲ್ಲ. ಇಲ್ಲೇ ಸಿಗುತ್ತದೆ.

ನಾಲ್ಕನೇ ಹೆಜ್ಜೆ: ವಾರವನ್ನು ಹೊಂದಿಸಿಕೊಳ್ಳಿ

ಭಾನುವಾರ ಒಂದೇ ದಿನ ಆರು ಗಂಟೆ ಕೆಲಸ ಮಾಡುವುದಕ್ಕಿಂತ ಮಂಗಳವಾರ ನಲವತ್ತು ನಿಮಿಷ, ಗುರುವಾರ ನಲವತ್ತು ನಿಮಿಷ, ಭಾನುವಾರ ಎರಡು ಗಂಟೆ. ಒಟ್ಟು ಹೊತ್ತು ಕಡಿಮೆ, ಕೆಲಸ ಜಾಸ್ತಿ ಆಗುತ್ತದೆ. ಯಾಕೆಂದರೆ ಕಳೆ ಮೊಳಕೆಯಲ್ಲಿದ್ದಾಗ ಎಡೆಕುಂಟೆಯಲ್ಲಿ ಮೇಲೆ ಮೇಲೆ ಒಂದು ಸಲ ಎಳೆದರೆ ಬಿಸಿಲಿಗೆ ಒಣಗಿ ಹೋಗುತ್ತದೆ, ಮೂರು ಮಡಿಗೆ ಹದಿನೈದು ನಿಮಿಷ. ಅದೇ ಕಳೆ ಮೂರು ವಾರ ಬೆಳೆದರೆ ಬಗ್ಗಿ ಕೂತು ಒಂದೊಂದನ್ನೇ ಕೀಳಬೇಕು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತ ನಮ್ಮಲ್ಲಿ ಹೇಳುವುದು ಇದಕ್ಕೇ. ಎಡೆ ಹೊಡೆಯುವುದು ಒಣ ದಿನದಲ್ಲಿ ಮಾತ್ರ, ಒದ್ದೆ ಮಣ್ಣಿನಲ್ಲಿ ಕಿತ್ತ ಕಳೆ ಮತ್ತೆ ಬೇರು ಬಿಡುತ್ತದೆ.

ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ಬರುತ್ತದೆ. ಆ ಎರಡು ಭಾನುವಾರದ ನಡುವೆ ಇರುವುದೇ ನಮ್ಮ ಸಂಜೆಯ ಕಾಲ. ಜೂನ್‌ನಲ್ಲಿ ಮಿಡ್‌ಲ್ಯಾಂಡ್ಸ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಒಂದು ಲೋಟ ಕಾಫಿ ಕುಡಿದು ಹೊರಟರೂ ಬೆಳಕು ಬೇಕಾದಷ್ಟು ಇರುತ್ತದೆ. ಮನೆಗೆ ಹೋಗಿ ಸೋಫಾದಲ್ಲಿ ಕೂತರೆ ಮಾತ್ರ ಮತ್ತೆ ಏಳುವುದು ಕಷ್ಟ, ಹಾಗಾಗಿ ಆಫೀಸಿನಿಂದ ನೇರ ಹೋಗಿ.

ಅದಕ್ಕೆ ಒಂದು ಚೀಲ ಯಾವಾಗಲೂ ಸಿದ್ಧ ಇರಬೇಕು. ಹಳೇ ಪ್ಯಾಂಟು, ಬೂಟು, ಗ್ಲೋವ್ಸ್, ಚಾಕು, ದಾರ, ಆ ತಿಂಗಳಿನ ಬೀಜ, ಸೊಪ್ಪು ತರಲು ಎರಡು ಬಟ್ಟೆ ಚೀಲ, ಒಂದು ಬಾಟಲಿ ನೀರು. ಕಾರಿನ ಡಿಕ್ಕಿಯಲ್ಲೋ ಸೈಕಲ್ಲಿನಲ್ಲೋ ಅದು ಖಾಯಂ.

ಹೋದ ಮೇಲೆ ಮಾಡುವ ಕೆಲಸಕ್ಕೂ ಒಂದು ಸರದಿ ಇದೆ. ಮೊದಲು ಐದು ನಿಮಿಷ ಸುಮ್ನೆ ಒಂದು ಸುತ್ತು ಬನ್ನಿ, ಬಗ್ಗಬೇಡಿ, ಏನನ್ನೂ ಕೀಳಬೇಡಿ. ಎಲ್ಲಿ ಏನಾಗಿದೆ ಅಂತ ನೋಡಿದ ಮೇಲೆ ಕೊಯ್ಲು. ಆಮೇಲೆ ನೆಡುವುದು, ಬಿತ್ತುವುದು. ಕೊನೆಗೆ ಕಳೆ. ಇದನ್ನು ತಿರುಗಿಸಿ ಮೊದಲು ಕಳೆಗೆ ಕೂತರೆ ನಲವತ್ತು ನಿಮಿಷವೂ ಅದರಲ್ಲೇ ಹೋಗುತ್ತದೆ, ಮಾಗಿದ ತರಕಾರಿ ಅಲ್ಲೇ ಉಳಿಯುತ್ತದೆ, ಬರಿಗೈಯಲ್ಲಿ ಮನೆಗೆ. ಬರಿಗೈಯಲ್ಲಿ ವಾಪಸ್ ಬಂದ ಸಂಜೆಗಳು ಜಾಸ್ತಿಯಾದರೆ ಮನಸ್ಸು ಸೋಲುತ್ತದೆ. ಕೊನೇ ಪಕ್ಷ ಒಂದು ಹಿಡಿ ಸೊಪ್ಪು ಕೈಯಲ್ಲಿರಲಿ.

ಭಾನುವಾರಕ್ಕೆ ಒಂದೇ ದೊಡ್ಡ ಕೆಲಸ. ಅದು ಯಾವುದು ಅಂತ ಗುರುವಾರವೇ ತೀರ್ಮಾನ ಮಾಡಿ, ಬೇಕಾದ ಸಾಮಾನು ಶನಿವಾರ ತಂದಿಡಿ.

ಸಸಿಯ ವಿಷಯದಲ್ಲಿ, ಸಣ್ಣ ಟ್ರೇಯಲ್ಲಿ ಮನೆ ಕಿಟಕಿಯಲ್ಲಿ ಬೆಳೆಸಿ, ಬೆರಳೆತ್ತರ ಆದ ಮೇಲೆ ನೆಡಿ. ಬೆಳಿಗ್ಗೆ ಹಲ್ಲುಜ್ಜುವಾಗ ನೀರು ಹಾಕಿದರೆ ಆಯಿತು. ಕುಂಬಳ, ಬೀನ್ಸ್, ಕೋರ್ಜೆಟ್ ಮೇ ಮಧ್ಯದವರೆಗೂ ಹೊರಗೆ ನೆಡಬೇಡಿ, ಏಪ್ರಿಲ್ ಎಷ್ಟೇ ಬೆಚ್ಚಗಿದ್ದರೂ ಒಂದು ರಾತ್ರಿಯ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿಸುವ ಚಳಿ ಸಾಕು ಅವು ಸಾಯಲು. ಬಿತ್ತಲು ಪುರುಸೊತ್ತೇ ಆಗಲಿಲ್ಲವಾ? ಗಾರ್ಡನ್ ಸೆಂಟರಿನಿಂದ ಆರು ಸಸಿ ತನ್ನಿ. ನಿಮಗೆ ಒಂದೂವರೆ ತಿಂಗಳು ಉಳಿತಾಯ.

ಐದನೇ ಹೆಜ್ಜೆ: ನೀರು ಮತ್ತು ಸ್ಲಗ್

ನೀರು ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ವಾರಕ್ಕೆ ಒಂದು ಸಲ, ಬುಡಕ್ಕೆ, ಗಿಡ ಒಂದಕ್ಕೆ ಐದು ಲೀಟರಿನಷ್ಟು ಹಾಕಿ, ಮೇಲೆ ಕತ್ತರಿಸಿದ ಹುಲ್ಲು ಅಥವಾ ಕಾಂಪೋಸ್ಟ್ ಹೊದಿಸಿ. ಶೆಡ್ಡಿನ ಸೂರಿಗೆ ದೋಣಿ ಕಟ್ಟಿ ಡ್ರಮ್ಮಿಗೆ ಮಳೆನೀರು ಹಿಡಿಯಿರಿ. 2022 ಮತ್ತು 2025ರ ಬೇಸಿಗೆಯಲ್ಲಿ ಹಲವು ಕಡೆ ಹೋಸ್‌ಪೈಪ್ ನಿಷೇಧ ಬಂದಾಗ ಡ್ರಮ್ಮು ಇದ್ದವರಿಗೆ ಎಷ್ಟೋ ಹಗುರವಾಯಿತು.

ಸ್ಲಗ್ ಅಂದರೆ ಚಿಪ್ಪಿಲ್ಲದ ಬಸವನಹುಳು. ನಮ್ಮೂರಿನ ಮಳೆಗಾಲದ ಹುಳುವಿನಷ್ಟೇ, ಆದರೆ ಇಲ್ಲಿ ವರ್ಷವಿಡೀ ಮಳೆಗಾಲ. ರಾತ್ರಿ ಹೊತ್ತು ಸಸಿಯನ್ನು ಬುಡಸಮೇತ ತಿಂದು ಹಾಕುತ್ತದೆ. ಹಳೇ ನೀಲಿ ಮೆಟಾಲ್ಡಿಹೈಡ್ ಗುಳಿಗೆಯನ್ನು 2022ರ ಮಾರ್ಚ್ ಕೊನೆಯಿಂದ ಹೊರಗೆ ಬಳಸುವಂತಿಲ್ಲ, ಯಾರಾದರೂ ಶೆಡ್ಡಿನಿಂದ ತೆಗೆದು ಕೊಟ್ಟರೂ ಬೇಡ ಅನ್ನಿ. ಫೆರಿಕ್ ಫಾಸ್ಫೇಟ್ ಗುಳಿಗೆ ಸಿಗುತ್ತದೆ, ಕಡಿಮೆ ಬಳಸಿ. ನನಗೆ ಕೆಲಸ ಮಾಡಿದ್ದು ಎರಡು ಉಪಾಯ. ಸಸಿಯನ್ನು ಗಟ್ಟಿಯಾದ ಮೇಲೆ ನೆಡುವುದು, ಮತ್ತು ಮಡಿ ಪಕ್ಕ ಹಲಗೆ ಹಾಕಿಟ್ಟು ಭಾನುವಾರ ಬೆಳಿಗ್ಗೆ ಅದನ್ನು ಮಗುಚಿ ಅಡಿಯಲ್ಲಿ ಸೇರಿದ ಸ್ಲಗ್‌ಗಳನ್ನು ಆರಿಸಿ ತೆಗೆಯುವುದು.

ಆರನೇ ಹೆಜ್ಜೆ: ಊರಿಗೆ ಹೋಗುವ ವರ್ಷ

ಇಲ್ಲಿ ಶಾಲೆಗೆ ದೊಡ್ಡ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಶುರುವಿನವರೆಗೆ. ಮಕ್ಕಳಿರುವವರು ಊರಿಗೆ ಹೋಗುವುದೂ ಅದೇ ಹೊತ್ತು, ತೋಟ ಮೈತುಂಬಿ ಫಲ ಕೊಡುವುದೂ ಅದೇ ಹೊತ್ತು. ಟಿಕೆಟ್ ತೆಗೆದ ದಿನವೇ ಆ ವರ್ಷದ ಬೆಳೆ ಬದಲಿಸಿ. ಆ ವರ್ಷ ಕೋರ್ಜೆಟ್ ಬೇಡ, ರನ್ನರ್ ಬೀನ್ಸ್ ಬೇಡ. ಬೆಳ್ಳುಳ್ಳಿ, ಶಾಲಟ್, ಬೇಗದ ಆಲೂಗಡ್ಡೆ, ಬ್ರಾಡ್ ಬೀನ್ಸ್, ಇವೆಲ್ಲ ಜುಲೈ ಮಧ್ಯಕ್ಕೆ ಮುಗಿಯುತ್ತವೆ. ಖಾಲಿಯಾದ ಮಡಿಗೆ ಲೀಕ್ ಸಸಿ ನೆಟ್ಟು, ಕೇಲ್ ನೆಟ್ಟು ಬಲೆ ಹಾಕಿ, ಉಳಿದದ್ದನ್ನು ಕಪ್ಪು ಹಾಳೆಯಿಂದ ಮುಚ್ಚಿ ಹೋಗಿ. ಕುಂಬಳದ ಬಳ್ಳಿ ತನ್ನ ಪಾಡಿಗೆ ತಾನು ಹಬ್ಬಿರುತ್ತದೆ, ವಾಪಸ್ ಬಂದಾಗ ಎಲೆ ಅಡಿಯಲ್ಲಿ ಐದಾರು ಕಾಯಿ.

ಪಕ್ಕದ ಪ್ಲಾಟಿನವರಿಗೆ "ನನ್ನ ತೋಟಕ್ಕೆ ನೀರು ಹಾಕಿ" ಅಂತ ಕೇಳುವುದಕ್ಕಿಂತ "ಏನು ಬಂದರೂ ಕೊಯ್ದು ನೀವೇ ತಿನ್ನಿ" ಅಂತ ಹೇಳಿ. ಕೊಯ್ಯಲು ಬಂದವರು ಬಾಡಿದ್ದು ಕಂಡರೆ ನೀರನ್ನೂ ಹಾಕುತ್ತಾರೆ. ನಾನು ಊರಿಂದ ಬರುವಾಗ ಅವರಿಗೆ ಒಂದು ಪೊಟ್ಟಣ ಕಾಫಿಪುಡಿ ತರುತ್ತೇನೆ. ಎಪ್ಪತ್ತು ದಾಟಿದ ಇಂಗ್ಲಿಷ್ ಹಿರಿಯರು, ಈಗ ಚಿಕೋರಿ ಎಷ್ಟು ಪರ್ಸೆಂಟ್ ಅಂತ ಕೇಳುತ್ತಾರೆ.

ಕಾಯಿಲೆ, ಹೆರಿಗೆ, ಆಫೀಸಿನಲ್ಲಿ ಕೆಟ್ಟ ಕಾಲ, ಏನೇ ಬಂದರೂ ಸೈಟ್ ಕಾರ್ಯದರ್ಶಿಗೆ ಮೊದಲೇ ಬರೆಯಿರಿ. ನೋಟಿಸ್ ಬಂದ ಮೇಲೆ ಕಾರಣ ಹೇಳುವುದಕ್ಕೂ ಮೊದಲೇ ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. "ಆಗಸ್ಟ್‌ವರೆಗೆ ಬರಲು ಆಗುವುದಿಲ್ಲ, ಮುಚ್ಚಿಟ್ಟಿದ್ದೇನೆ" ಅನ್ನುವ ಎರಡು ಸಾಲು ಒಂದು ಪ್ಲಾಟನ್ನು ಉಳಿಸುತ್ತದೆ.

ಏಳನೇ ಹೆಜ್ಜೆ: ಅಕ್ಟೋಬರ್ ಆದ ಮೇಲೆ

ಗಡಿಯಾರ ಹಿಂದೆ ಬಂದ ಮೇಲೆ ಸಂಜೆ ಹೋಗುವ ಮಾತೇ ಇಲ್ಲ, ಡಿಸೆಂಬರ್‌ನಲ್ಲಿ ನಾಲ್ಕಕ್ಕೆಲ್ಲ ಕತ್ತಲು. ತಿಂಗಳಿಗೆ ಒಂದು ಎರಡು ಭಾನುವಾರ ಸಾಕು. ಖಾಲಿ ಮಡಿಗೆ ಐದು ಸೆಂಟಿಮೀಟರ್ ಕಾಂಪೋಸ್ಟ್ ಹರಡಿ, ಎರೆಹುಳು ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಿದ ಭಾಗದಲ್ಲಿ ಒಂದು ಮಡಿಯಷ್ಟನ್ನು ಬಿಚ್ಚಿ ನೋಡಿ, ಕಳೆ ಸತ್ತಿದ್ದರೆ ಮುಂದಿನ ವರ್ಷಕ್ಕೆ ನಾಲ್ಕನೇ ಮಡಿ ಅದು. ಬಿರುಗಾಳಿಯ ಮುನ್ಸೂಚನೆ ಇದ್ದ ವಾರ ಹಾಳೆಯ ಮೇಲಿನ ಇಟ್ಟಿಗೆ, ಶೆಡ್ಡಿನ ಬಾಗಿಲಿನ ಚಿಲಕ ನೋಡಿ ಬನ್ನಿ.

ಬೆಳ್ಳುಳ್ಳಿಯ ಸಾಲು ಊರಿ, ಪಕ್ಕದಲ್ಲೇ ಬ್ರಾಡ್ ಬೀನ್ಸ್ ಎರಡು ಸಾಲು, ಕಾಳಿನಿಂದ ಕಾಳಿಗೆ 20 ಸೆಂಟಿಮೀಟರ್, ಐದು ಸೆಂಟಿಮೀಟರ್ ಆಳ. ಇಲಿ ಕಾಳು ತೋಡಿಕೊಂಡು ಹೋಗುವ ಜಾಗವಾದರೆ ಮೇಲೆ ಬಲೆ ಹಾಸಿ. ಯಾವ ದಿನ ಯಾವ ತಳಿ ಹಾಕಿದಿರಿ ಅಂತ ಹಲಗೆ ಚೂರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಸಾಲಿನ ತುದಿಗೆ ಚುಚ್ಚಿ, ಪೆನ್ನಿನ ಶಾಯಿ ಜನವರಿಯ ಮಳೆಗೆ ಅಳಿಸಿ ಹೋಗುತ್ತದೆ. ಹೊರಡುವಾಗ ಒಂದು ಲೀಕ್ ಕಿತ್ತುಕೊಳ್ಳಿ, ರಾತ್ರಿಯ ಹುಳಿಗಾಗುತ್ತದೆ.